ನೆಲಕ್ಕೆ ಬಡಿಯದೆ ಹರಿಕೇನ್ ಸಮುದ್ರದಲ್ಲೇ ಹುಟ್ಟಿ ಸಾಯಬಹುದೇ?

ಬೇಕಾದಷ್ಟು ಹಾಗೇ ಸಾಯುತ್ತವೆ. 2021ರ ಸ್ಯಾಮ್‌ ಎಂಬ ಚಂಡಮಾರುತವನ್ನೇ ನೋಡಿ. ಆಫ್ರಿಕಾ ಕಡೆಯಿಂದ ಗುಡುಗು ಮೋಡಗಳ ಗುಂಪೊಂದು ಅಟ್ಲಾಂಟಿಕ್‌ಗೆ ಬಂತು. ಅದು ಚಂಡಮಾರುತವಾಗಿ ಬೆಳೆಯಲು ನೀರು 26-27 ಡಿಗ್ರಿಗಿಂತ ಬೆಚ್ಚಗಿರಬೇಕು, ಮೇಲಿನ ಗಾಳಿ ಅಡ್ಡ ಬರಬಾರದು. ಆಗ ಆವಿ ಮೇಲೇರಿ ಮೋಡವಾಗುವಾಗ ಬಿಡುವ ಶಾಖವೇ ಇದಕ್ಕೆ ಊಟ. ನಡುವೆ ಒತ್ತಡ ಕುಸಿದಷ್ಟೂ ಸುತ್ತಲ ಗಾಳಿ ಜೋರಾಗಿ ಒಳನುಗ್ಗುತ್ತದೆ. ಭೂಮಿ ತಿರುಗುತ್ತಿದೆಯಲ್ವಾ, ಹಾಗಾಗಿ ನೇರ ಬರದೆ ಸುತ್ತು ಹೊಡೆಯುತ್ತದೆ. ವೇಗ ಗಂಟೆಗೆ 119 ಕಿ.ಮೀ. ಮುಟ್ಟಿದರೆ ಅದು ಹರಿಕೇನ್. ಸ್ಯಾಮ್ ಸುಮಾರು 250 ಮುಟ್ಟಿತ್ತು!

ಸೆಪ್ಟೆಂಬರ್ 30ರಂದು ಜನರಿಲ್ಲದ ಪುಟ್ಟ ಹಾಯಿದೋಣಿಯೊಂದು ಒಳಹೊಕ್ಕು, ಸುಮಾರು 15 ಮೀಟರ್ ಅಲೆಗಳ ನಡುವಿನಿಂದ ವಿಡಿಯೋ ಕಳಿಸಿತು. ಕೊನೆ ಮಾತ್ರ ಸಪ್ಪೆ: ಉತ್ತರದ ತಣ್ಣೀರಿನಲ್ಲಿ ಶಾಖ ಸಿಗದೆ, ಅಕ್ಟೋಬರ್ 5ಕ್ಕೆ ಸ್ಯಾಮ್ ಹರಿಕೇನ್ ಆಗಿ ಉಳಿಯಲಿಲ್ಲ.