ಮುಖ ನೋಡಿ ಹೆಸರು ಬರೆಯಬೇಡಿ

ಹಳೆ ಫೋಟೊಗಳ ಬಗ್ಗೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಮಾತು: "ಫೋಟೊ ಕಳಿಸಿದ್ದೇವೆ, ಇವರು ಯಾರು ಹೇಳಿ." ನಿಮ್ಮ ಮನೆಯವರ ಮುಖ ನಾನು ನೋಡಿಲ್ಲ, ಹೇಗೆ ಹೇಳಲಿ? ಫೋಟೊ ಯಾವ ಕಾಲದ್ದು ಅಂತ ಹೇಳಬಲ್ಲೆ. ಅದರಲ್ಲಿ ಯಾರು ಇರೋಕೆ ಸಾಧ್ಯವೇ ಇಲ್ಲ ಅಂತಲೂ ಹೇಳಬಲ್ಲೆ. ಅದಕ್ಕೂ ಫೋಟೊದ ಹಿಂಬದಿ ಬೇಕು. ಎಷ್ಟು ಸಲ ಕೇಳಿದರೂ ಎಲ್ಲರೂ ಮುಂಬದಿ ಮಾತ್ರ ಕಳಿಸುತ್ತಾರೆ. ಈ ಸಲ ಒಬ್ಬರು ಎರಡೂ ಬದಿ ಕಳಿಸಿದ್ದಾರೆ. ಅವರಿಗೆ ಉದ್ದನೆಯ ಉತ್ತರ ಕೊಡುತ್ತೇನೆ.

ಪ್ರಶ್ನೆ: ಪೋಸ್ಟ್‌ಕಾರ್ಡ್ ಅಳತೆಯ ಫೋಟೊ ಇದು. ಇಪ್ಪತ್ತೈದರ ಆಸುಪಾಸಿನ ಹೆಂಗಸು ಕುರ್ಚಿಯ ಪಕ್ಕ ನಿಂತಿದ್ದಾರೆ. ಹಿಂದೆ ನೀಲಿ ಬಾಲ್‌ಪೆನ್ನಿನಲ್ಲಿ ಮುತ್ತಜ್ಜಿಯ ಹೆಸರಿದೆ. ಅವರು ತೀರಿಕೊಂಡದ್ದು 1898ರಲ್ಲಿ. ಮುಖ ಅಚ್ಚು ನಮ್ಮ ಅಮ್ಮನದೇ. ಇದು ಮುತ್ತಜ್ಜಿಯೇ ಅಲ್ವಾ?

ಹಾಗೆ ಹೇಳೋಕೆ ಆಧಾರ ಇಲ್ಲ. ಕಾರ್ಡು ತಿರುಗಿಸಿ ನೋಡಿ. ನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ ಅಚ್ಚಾಗಿದೆ. ಎಡಗಡೆ ಒಕ್ಕಣೆಗೆ, ಬಲಗಡೆ ವಿಳಾಸಕ್ಕೆ. ಮೊದಲು ಆ ಇಡೀ ಬದಿ ವಿಳಾಸಕ್ಕೇ ಮೀಸಲಾಗಿತ್ತು. ಹೀಗೆ ಎರಡು ಭಾಗ ಮಾಡಿದ ಕಾರ್ಡಿಗೆ ಮೊದಲು ಒಪ್ಪಿಗೆ ಕೊಟ್ಟದ್ದು ಬ್ರಿಟನ್, 1902ರಲ್ಲಿ. ಅಮೆರಿಕಕ್ಕೆ ಅದು ಬಂದದ್ದು 1907ರಲ್ಲಿ. ಅಂದರೆ ಈ ಕಾಗದ ತಯಾರಾಗುವಾಗ ನಿಮ್ಮ ಮುತ್ತಜ್ಜಿ ತೀರಿಕೊಂಡು ಕಡಿಮೆ ಅಂದರೂ ನಾಲ್ಕು ವರ್ಷ ಆಗಿತ್ತು.

ಹಾಗಂತ ಇಲ್ಲಿಗೇ ಮುಗಿಯಿತು ಅನ್ನಬೇಡಿ. ಹಳೆ ಫೋಟೊವನ್ನೇ ಇನ್ನೊಮ್ಮೆ ಫೋಟೊ ತೆಗೆಸಿ ಹೊಸ ಕಾಗದದ ಮೇಲೆ ಹಾಕಿಸಿಕೊಳ್ಳುವುದು ತುಂಬಾ ಇತ್ತು, ಅದರಲ್ಲೂ ತೀರಿಕೊಂಡವರದ್ದು. ಕಾರ್ಡನ್ನು ಕಿಟಕಿ ಹತ್ತಿರ ಹಿಡಿದು ಓರೆಯಾಗಿ ವಾಲಿಸಿ. ಚಿತ್ರದಲ್ಲಿ ಗೀರು, ಮಡಿಕೆ, ಮೊಳೆ ತೂತು ಕಾಣಿಸುತ್ತಿದ್ದು, ಅದೇ ಜಾಗದಲ್ಲಿ ಕಾಗದ ನುಣ್ಣಗಿದ್ದರೆ ಅದು ನಕಲು. ಆ ಗೀರು ಮೂಲ ಫೋಟೊದ್ದು. ನೀವು ಕಳಿಸಿದ ಚಿತ್ರದಲ್ಲಿ ನನಗೆ ಅಂಥದ್ದು ಕಾಣಲಿಲ್ಲ. ಕುರ್ಚಿಯ ಕೆತ್ತನೆ, ಬಟ್ಟೆಯ ಅಂಚು ಎಲ್ಲಾ ಚೂಪಾಗಿವೆ. ನಕಲಿನಲ್ಲಿ ಇಷ್ಟು ಸಣ್ಣ ವಿವರ ಸಾಮಾನ್ಯವಾಗಿ ಮಸುಕಾಗುತ್ತದೆ. ಆದರೂ ಅಸಲು ನಿಮ್ಮ ಕೈಯಲ್ಲಿದೆ, ನೀವೇ ನೋಡಿ. ಅಂಚೆಚೀಟಿ ಅಂಟಿಸುವ ಚೌಕವನ್ನೂ ಗಮನಿಸಿ. ಆಜೊ, ವೆಲಾಕ್ಸ್ ಅಂತ ಕಾಗದದ ಹೆಸರು ಅಲ್ಲಿ ಅಚ್ಚಾಗಿರಬಹುದು. ಸುತ್ತಲಿನ ಗುರುತುಗಳು ಕಾಲಕಾಲಕ್ಕೆ ಬದಲಾಗಿವೆ, ಅದರಿಂದ ಕಾಲವನ್ನು ಇನ್ನಷ್ಟು ಹತ್ತಿರಕ್ಕೆ ತರಬಹುದು.

ಇನ್ನು ಆ ಹೆಸರು. ಬಾಲ್‌ಪೆನ್ ಮಾರುಕಟ್ಟೆಗೆ ಬಂದದ್ದೇ 1940ರ ದಶಕದಲ್ಲಿ. ಅಂದರೆ ಮುತ್ತಜ್ಜಿ ಹೋಗಿ ನಲವತ್ತು ವರ್ಷವಾದರೂ ಕಳೆದ ಮೇಲೆ ಯಾರೋ ಬರೆದದ್ದು. ಬರೆದವರು ಅವರನ್ನು ಕಣ್ಣಾರೆ ಕಂಡಿದ್ದರೋ ಇಲ್ಲವೋ. ಹಳೆ ಕಾಗದ ಪತ್ರ ತೆಗೆದು ಆ ಕೈಬರಹ ಯಾರದ್ದು ಅಂತ ಮೊದಲು ಹುಡುಕಿ. ಹೆಸರಿಗಿಂತ ಹೆಸರು ಬರೆದವರು ಯಾರು ಅನ್ನೋದು ಮುಖ್ಯ.

ಮುಖ ಅಮ್ಮನ ಹಾಗಿದೆ ಅಂತೀರಿ. ಇರಬಹುದು. ಮುತ್ತಜ್ಜಿಯ ತಂಗಿಯೂ ಹಾಗೇ ಇದ್ದಿರಬಹುದು, ಮಗಳೂ ಇದ್ದಿರಬಹುದು. ಹೋಲಿಕೆಯಿಂದ ಅವರು ನಿಮ್ಮ ಕಡೆಯವರಿರಬಹುದು ಅಂತ ಅಂದಾಜು ಮಾಡಬಹುದೇ ಹೊರತು ಯಾರು ಅಂತ ಹೇಳೋಕಾಗದು. ಜೊತೆಗೆ ಸ್ಟುಡಿಯೊದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಸುಕ್ಕು, ಕಲೆ ಅಳಿಸುತ್ತಿದ್ದರು. ಚಿತ್ರ ಹಿಡಿಯಲು ಬಳಸುತ್ತಿದ್ದ ಮೊದಮೊದಲ ಗಾಜಿನ ಪ್ಲೇಟುಗಳು ನೀಲಿ ಬೆಳಕನ್ನಷ್ಟೇ ಚೆನ್ನಾಗಿ ಹಿಡಿಯುತ್ತಿದ್ದವು. ಕೆಂಪು, ಹಳದಿ ಕಪ್ಪಾಗಿ ಬೀಳುತ್ತಿದ್ದವು. ಅಂಥ ಚಿತ್ರದಲ್ಲಿ ಮೈಬಣ್ಣ, ಕೂದಲ ಬಣ್ಣ ನಂಬಬೇಡಿ. ಮುಖದಲ್ಲಿ ಏನಾದರೂ ನೋಡಲೇಬೇಕು ಅಂದರೆ ಕಿವಿ ನೋಡಿ. ಅದರ ಮಡಿಕೆಗಳ ಆಕಾರ ವಯಸ್ಸಾದರೂ ಜಾಸ್ತಿ ಬದಲಾಗಲ್ಲ. ಒಂದೇ ಕೋನದ ಎರಡು ಫೋಟೊದಲ್ಲಿ ಕಿವಿ ಪೂರಾ ಬೇರೆ ಇದ್ದರೆ ಇಬ್ಬರೂ ಬೇರೆ ಎಂದು ತಿಳಿಯಿರಿ. ಆದರೆ ಕಿವಿ ಹೊಂದಿತು ಅಂತ ಒಬ್ಬರೇ ಅನ್ನಬೇಡಿ, ಅದೂ ವಂಶದಲ್ಲಿ ಬರುತ್ತದೆ.

ನಿಮ್ಮ ಅಜ್ಜಿಗೆ ಅಕ್ಕಂದಿರಿದ್ದರಾ? ನಾನಾದರೆ ಅಲ್ಲಿಂದ ಶುರು ಮಾಡುತ್ತೇನೆ. 1880ರಿಂದ 1890ರೊಳಗೆ ಹುಟ್ಟಿದವರಾದರೆ ಈ ಕಾರ್ಡಿನ ಕಾಲಕ್ಕೆ ವಯಸ್ಸು ಸರಿಹೊಂದುತ್ತದೆ. ಯಾರಿಗೋ ತೋರಿಸಿದಾಗ "ಥೇಟ್ ಅಮ್ಮನ ಹಾಗೇ ಇದ್ದಾಳೆ" ಅಂದಿರುತ್ತಾರೆ. ಕೇಳಿಸಿಕೊಂಡವರು ಆ ಅಮ್ಮನ, ಅಂದರೆ ನಿಮ್ಮ ಮುತ್ತಜ್ಜಿಯ ಹೆಸರನ್ನೇ ಬರೆದಿಡುತ್ತಾರೆ. ಇದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಿರಿಯರನ್ನು ಕೇಳುವಾಗ ಹಿಂಬದಿ ತೋರಿಸಬೇಡಿ. "ಇದು ಮುತ್ತಜ್ಜಿ ಅಲ್ವಾ?" ಅಂತ ಕೇಳಲೇಬೇಡಿ. ಅಲ್ವಾ ಅಂದ ಕೂಡಲೇ ಎಂಬತ್ತರ ಜೀವ ಹೌದು ಅಂದುಬಿಡುತ್ತದೆ. ನಿಮ್ಮ ಮನಸ್ಸು ನೋಯಿಸೋದು ಅವರಿಗೆ ಬೇಡ. ಸುಮ್ನೆ ಫೋಟೊ ಕೈಗೆ ಕೊಟ್ಟು ಕಾಯಿರಿ. ಆ ಕುರ್ಚಿ, ಆ ಒಡವೆ ಎಲ್ಲಾದರೂ ನೋಡಿದ ನೆನಪಿದೆಯಾ ಕೇಳಿ. ಇಬ್ಬರು ಹಿರಿಯರಿದ್ದರೆ ಬೇರೆಬೇರೆ ದಿನ, ಒಬ್ಬೊಬ್ಬರನ್ನೇ ಕೇಳಿ. ಅವರ ಮಾತನ್ನು ಅವರಂದಂತೆಯೇ ಬರೆದುಕೊಳ್ಳಿ, ತಾರೀಕು ಹಾಕಿ.

ಇಷ್ಟು ಬಿಗಿಯಾಗಿ ಹೇಳಲು ಕಾರಣ ಇದೆ. ಹಿಂದೆ ಒಂದು ಮನೆಯವರು ತೋರಿಸಿದ ಹೆಸರನ್ನು ನಾನು ಪರೀಕ್ಷಿಸದೆ ಒಪ್ಪಿಕೊಂಡೆ. ಆ ಫೋಟೊ ಅವರ ವಂಶದ ಪುಸ್ತಕದಲ್ಲಿ ಅಚ್ಚಾಯಿತು. ಆಮೇಲೆ ದೂರದ ನೆಂಟರ ಹತ್ತಿರ ಅದೇ ಫೋಟೊದ ಇನ್ನೊಂದು ಪ್ರತಿ ಸಿಕ್ಕಿತು. ಅದರಲ್ಲಿ ಫೋಟೊದಲ್ಲಿದ್ದವರೇ ಶಾಯಿಯಲ್ಲಿ ಸಹಿ ಮಾಡಿ ಕೊಟ್ಟಿದ್ದರು. ಹೆಸರು ಬೇರೆ! ಪುಸ್ತಕ ಆಗಲೇ ಮನೆಮನೆಗೆ ಹೋಗಿತ್ತು. ಹೆಸರಿಲ್ಲದ ಫೋಟೊವನ್ನು ಮುಂದೆ ಯಾರಾದರೂ ಹುಡುಕುತ್ತಾರೆ. ತಪ್ಪು ಹೆಸರಿನದ್ದನ್ನು ಯಾರೂ ಮತ್ತೆ ಕೆದಕಲ್ಲ.

ಪ್ರಶ್ನೆ: ಮುಖ ಹೋಲಿಸುವ ಆ್ಯಪ್ ನಂಬಬಹುದಾ?

ಅಕ್ಕತಂಗಿಯರನ್ನೇ ಬೆರೆಸಿಬಿಡುವ ಆ್ಯಪ್ ಮಾತಿಗೆ ಹೆಸರು ಬರೆಯಬೇಡಿ. ಮಸುಕು ಮುಖವನ್ನು "ಸ್ಪಷ್ಟ" ಮಾಡಿಕೊಡುವುದು ಇನ್ನೂ ಅಪಾಯ. ಅದು ಅಲ್ಲಿಲ್ಲದ ಕಣ್ಣು ಮೂಗನ್ನು ಊಹಿಸಿ ಬರೆಯುತ್ತದೆ, ನೀವು ಅದನ್ನು ನೋಡಿ ಹೋಲಿಕೆ ಹುಡುಕುತ್ತೀರಿ. ಮುಖ ನೋಡಿ ವಂಶ ಹೇಳುತ್ತೇವೆ ಅಂತ ದುಡ್ಡು ಕೇಳುವವರಿಗೆ ಬಾಗಿಲನ್ನೇ ತೆರೆಯಬೇಡಿ.

ಪ್ರಶ್ನೆ: ನಿಂತವರ ಕಾಲಿನ ಹಿಂದೆ ಸ್ಟ್ಯಾಂಡ್ ಕಾಣುತ್ತದೆ. ಸತ್ತವರನ್ನು ನಿಲ್ಲಿಸಿ ತೆಗೆದದ್ದಂತೆ, ನಿಜವಾ?

ಸುಳ್ಳು. ಅದು ಬದುಕಿದ್ದವರು ಅಲ್ಲಾಡದೆ ನಿಲ್ಲಲಿ ಅಂತ ತಲೆಗೆ, ಬೆನ್ನಿಗೆ ಕೊಟ್ಟ ಆಸರೆ. ಹೆಣದ ಭಾರ ಅದು ತಡೆಯಲ್ಲ. ಸತ್ತವರ ಫೋಟೊ ತೆಗೆಯುತ್ತಿದ್ದದ್ದು ನಿಜ, ಸಾಮಾನ್ಯವಾಗಿ ಮಲಗಿಸಿ. ದಯವಿಟ್ಟು ಇನ್ನು ಈ ಪ್ರಶ್ನೆ ಕಳಿಸಬೇಡಿ.

ಪ್ರಶ್ನೆ: ಉಂಗುರ ಯಾವ ಕೈಯಲ್ಲಿದೆ ಅನ್ನೋದರಿಂದ ಏನಾದರೂ ಗೊತ್ತಾಗುತ್ತಾ?

ಮೊದಲು ಫೋಟೊ ಹತ್ತಿರ ಸಣ್ಣ ಆಯಸ್ಕಾಂತ ಹಿಡಿಯಿರಿ, ತಾಗಿಸಬೇಡಿ. ಎಳೆದರೆ ಅದು ಕಬ್ಬಿಣದ ತಗಡಿನ ಮೇಲಿನ ಚಿತ್ರ, ಟಿನ್‌ಟೈಪ್. ಅದರಲ್ಲಿ ಎಡಬಲ ಅದಲುಬದಲು, ಬಲಗೈಯಲ್ಲಿ ಕಂಡ ಉಂಗುರ ನಿಜಕ್ಕೂ ಎಡಗೈಯದ್ದು.

ಪ್ರಶ್ನೆ: ಆಲ್ಬಮ್ ಹರಿದಿದೆ, ಫೋಟೊ ಕಿತ್ತು ಹೊಸದಕ್ಕೆ ಹಾಕಲಾ?

ಪ್ರತಿ ಪುಟವನ್ನೂ ಇದ್ದ ಹಾಗೇ ಮೊಬೈಲಿನಲ್ಲಿ ತೆಗೆದುಕೊಳ್ಳುವ ತನಕ ಒಂದನ್ನೂ ಕೀಳಬೇಡಿ. ಯಾರ ಪಕ್ಕ ಯಾರನ್ನು ಅಂಟಿಸಿದ್ದರು ಅನ್ನೋದೂ ಸಾಕ್ಷಿ. ಕಿತ್ತ ಮೇಲೆ ಅದು ಎಲ್ಲೂ ಸಿಗಲ್ಲ.