ಸಂಡಾಸ ಕಟ್ಕೊಂಡ್ರ ಏನ ಮಾಡೂದ್ರಿ ಕಾಕಾ?

ಓದುಗರ ಪ್ರಶ್ನಿ, ಕಾಕಾನ ಉತ್ತರ

ಈ ತಿಂಗಳ ಬಂದ ಪತ್ರದಾಗ ಅರ್ಧಕ್ಕರ್ಧ ಒಂದ ವಿಷಯ ಹಿಡದು ಬಂದಾವು. ಊಟಕ್ಕ ಕುಂತಾಗ ಓದಬ್ಯಾಡ್ರಿ, ಇಷ್ಟ ನಂದು ವಿನಂತಿ. ಮೂವತ್ತ ವರ್ಷ ಪೈಪು ನಳದ ಅಂಗಡಿ ಗಲ್ಲೇದ ಮ್ಯಾಲ ಕುಂತಾಂವ ನಾನು, ನನಗ ಇದ್ರಾಗ ನಾಚಿಕಿ ಏನಿಲ್ಲ.

ಪ್ರಶ್ನಿ: ಕಾಕಾರ, ಶರಣ್ರಿ. ಸೀಗಿ ಹುಣ್ಣಿಮಿಗೆ ನಾದಿನಿ ಮನಿಯವ್ರು ಬಂದಿದ್ರು, ಒಟ್ಟ ಹನ್ನೊಂದ ಮಂದಿ, ಮನ್ಯಾಗ ಇರೂದು ಒಂದ ಕಮೋಡ್. ರಾತ್ರಿ ಹತ್ತಕ್ಕ ಫ್ಲಶ್ ಒತ್ತಿದ್ರ ನೀರು ಕೆಳಗ ಹೋಗೂದ ಬಿಟ್ಟು ಮ್ಯಾಲ ಬಂತು, ನಾ ಗಾಬರ್ಯಾಗಿ ಇನ್ನೊಮ್ಮೆ ಒತ್ತಿದೆ, ಮುಂದಿಂದು ಬರಿಯಾಕ ಆಗೂದಿಲ್ಲ ಬಿಡ್ರಿ. ಪ್ಲಂಬರ್ ಬಂದದ್ದು ಮೂರನೇ ದಿನಕ್ಕ. ಮನ್ಯಾಗಿನ ಸಾಮಾನಿನ್ಯಾಗ ಏನರ ಮಾಡಬಹುದಿತ್ತೇನ್ರಿ? (ಓದುಗರು, ಟಿಳಕವಾಡಿ, ಬೆಳಗಾವಿ)

ಉತ್ತರ: ಎರಡನೇ ಸಲ ಒತ್ತಿದ್ರಲ್ಲ ತಂಗಿ, ಅದು ಎಲ್ಲಾರೂ ಮಾಡೂದ ಐತಿ, ನಾನೂ ಮಾಡೇನಿ. ಫ್ಲಶ್ ಟಾಕ್ಯಾಗ 6 ಲೀಟರೋ 10 ಲೀಟರೋ ನೀರು ಇರ್ತೈತಿ, ಕೆಳಗ ಹಾದಿ ಇಲ್ಲಂದ್ರ ಅಷ್ಟೂ ನಿಮ್ಮ ಕಾಲಮ್ಯಾಲ. ಅದಕ್ಕ ಮೊದಲ ಟಾಕಿಗೆ ಬರೂ ನೀರಿನ ವಾಲ್ವ್ ತಿರುವಿ ಬಂದ್ ಮಾಡಿಬಿಡ್ರಿ, ಅವಸರದಾಗ ಯಾರರ ಹೋಗಿ ಒತ್ತಿದ್ರೂ ಒಂದ ಸಲದ ನೀರಿಗೇ ಮುಗೀತೈತಿ.

ಇನ್ನ ಕಟ್ಕೊಂಡದ್ದೆಲ್ಲಿ ಅಂತ ತಿಳ್ಕೊಬೇಕು. ಕಮೋಡ್ ಹೊಟ್ಯಾಗ ಒಂದು ಡೊಂಕ ಹಾದಿ ಇರ್ತೈತಿ, ಅದಕ್ಕ ಟ್ರಾಪ್ ಅಂತೇವಿ. ಅಲ್ಲಿ ಸುಮಾರ 2 ಇಂಚ ನೀರು ಯಾವಾಗಲೂ ನಿಂತಿರಬೇಕು, ಆ ನೀರ ಗಟಾರದ ನಾತಕ್ಕ ಬಾಗಲಿದ್ದಂಗ. ಲಂಡನ್ನಿನ್ಯಾಗ ಅಲೆಕ್ಸಾಂಡರ್ ಕಮಿಂಗ್ ಅನ್ನೂ ಗಡಿಯಾರ ಮಾಡಾಂವ ಒಬ್ಬಾಂವ 1775ರಾಗ ಈ ಡೊಂಕಿಗೆ ಪೇಟೆಂಟ್ ತಗೊಂಡ. ಗಡಿಯಾರದಾಂವಗ ಸಂಡಾಸದ ಉಸಾಬರಿ ಯಾಕ ಬೇಕಿತ್ತೋ ಏನೋ, ಆದ್ರ ಅಂವ ಮಾಡಿದ್ದಕ್ಕ ನಾವು ಮನಿಯೊಳಗ ಸಂಡಾಸ ಕಟ್ಟಿಸ್ಕೊಂಡು ಅಡಿಗಿ ಮನ್ಯಾಗ ಆರಾಮ ರೊಟ್ಟಿ ಬಡೀತೇವಿ. ತೊಂದ್ರಿ ಏನಂದ್ರ, ಹೊರಗಿನ ಪೈಪು 4 ಇಂಚಿಂದು ಇದ್ರೂ ಈ ಡೊಂಕ ಅದಕ್ಕಿಂತ ಸಣ್ಣದು, ಸಿಗಬೀಳೂದೆಲ್ಲಾ ಅಲ್ಲೇ ಸಿಗಬೀಳತೈತಿ. ಮಂದಿ ಬಂದಾಗ ಕಟ್ಕೊಂಡೈತಿ ಅಂದ್ರ ಬಹುತೇಕ ಅಲ್ಲೇ, ಮತ್ತ ಅದು ನಿಮ್ಮ ಕೈಲೇ ಹೋಗೂವಂಥಾದ್ದು.

ಬಾಯಿಮಟ ತುಂಬಿದ್ರ ಹಳೇ ಮಗ್ಗಲೇ ಒಂದ ಬಕೀಟಿಗೆ ಅರ್ಧ ನೀರು ತಗದ ಇಡ್ರಿ. ಪಾತ್ರೆ ತಿಕ್ಕೂ ಲಿಕ್ವಿಡ್ ಅರ್ಧ ಕಪ್ ಹಾಕ್ರಿ, ಅದಿಲ್ಲಂದ್ರ ಶಾಂಪೂ ನಡೀತೈತಿ. ಸಾಬೂನ ಏನೂ ಕರಗಸೂದಿಲ್ಲ, ಜಾರಸತೈತಿ ಅಷ್ಟ, ಬೆರಳಿಗೆ ಬಿಗಿಯಾದ ಉಂಗುರಕ್ಕ ಸಾಬೂನ ಹಚ್ಚತೀರಲ್ಲ ಹಂಗ. ಅರ್ಧ ತಾಸು ಅದನ್ನ ಮುಟ್ಟಬ್ಯಾಡ್ರಿ, ಹೋಗಿ ಚಾ ಕುಡೀರಿ. ಆಮ್ಯಾಲ ಬಿಸಿನೀರು ಒಂದ ಬಕೀಟ, ನಡದ ಎತ್ತರದಿಂದ ಒಂದ ಧಾರಿ ಹಿಡದು ಸುರವ್ರಿ. ನಿಂತ ನೀರು ಇನ್ನೂ ಮ್ಯಾಲೇ ಇದ್ರ ಅರ್ಧ ಬಕೀಟ ಸಾಕು. ನೀರಿನ ಭಾರನ ದಬ್ಬತೈತಿ.

ಬಿಸಿ ಅಂದ್ರ ಮೈ ತೊಳಕೊಳ್ಳೂ ಅಷ್ಟ ಬಿಸಿ, ಕುದಿಯೂ ನೀರಲ್ಲ. ಇದನ್ನ ನಾ ಒತ್ತಿ ಹೇಳೂದಕ್ಕ ಕಾರಣ ಐತಿ. ಒಮ್ಮೆ ಮಾಗಿ ಥಂಡ್ಯಾಗ ನಾ ಹಂಡೇದಾಗಿನ ಕೊತಕೊತ ನೀರು ತಂದು ಕಮೋಡಿಗೆ ಹೊಯ್ದೆ, ಟಣ್ ಅಂತ ಸಪ್ಪಳಾತು, ನೋಡಿದ್ರ ಕೂದಲ ಎಳಿಯಷ್ಟು ಬಿರುಕು ಬುಡದಿಂದ ಮ್ಯಾಲಿನಮಟ. ಪೈಪು ಮಾರಾಂವನ ಮನ್ಯಾಗ ಹಿಂಗ. ನಮ್ಮಾಕಿ ಈಗಲೂ ಅದನ್ನ ಬೀಗರ ಮುಂದ ಹೇಳತಾಳ. ಪ್ಲಾಸ್ಟಿಕ್ ಪೈಪೂ ಅಷ್ಟ, ಕುದಿಯೂ ನೀರಿಗೆ ಮೆತ್ತಗಾಗಿ ಜೋಡಣಿ ಸಡ್ಲ ಬೀಳತೈತಿ.

ಎರಡ ಮೂರ ಸಲ ಹಿಂಗ ಮಾಡಿದ್ರೂ ಇಳೀಲಿಲ್ಲಂದ್ರ ಪ್ಲಂಜರ್ ಬೇಕು, ಕಟಗಿಗೆ ರಬ್ಬರ ಟೊಪ್ಪಿಗಿ ಹಾಕಿದಂಗ ಇರ್ತೈತಲ್ಲ ಅದು. ರಾತ್ರಿ ಹತ್ತಕ್ಕ ಯಾವ ಅಂಗಡಿ ತಗದಿರ್ತೈತ್ರಿ? ನೆಲಾ ಒರಸೂ ಹಳೇ ಮಾಪ್ ತಗೊಂಡು, ಅದರ ಬಟ್ಟಿ ತಲಿಗೆ ಎರಡ ಗಟ್ಟಿ ಕ್ಯಾರಿಬ್ಯಾಗ್ ಒಂದರ ಮ್ಯಾಲ ಒಂದ ಹಾಕಿ ಕುತ್ತಿಗಿ ಹಂತೇಕ ಸುತಳಿಲೇ ಬಿಗದು ಕಟ್ಟರಿ, ಆತು. ಅದನ್ನ ತೂತಿನ್ಯಾಗ ಒತ್ತಿ ಕುಂದರಸಿ, ತಲಿ ಮುಳುಗುವಷ್ಟು ನೀರು ಇರೂಹಂಗ ನೋಡ್ಕೊಂಡು, ಮೊದಲ ಸಲ ಸಾವಕಾಶ ಒತ್ತರಿ ಇಲ್ಲಂದ್ರ ಮಾರಿಗೆ ಸಿಡೀತೈತಿ, ಆಮ್ಯಾಲ ಹದಿನೈದಿಪ್ಪತ್ತ ಸಲ ಒತ್ತೂದು ಎಳೆಯೂದು, ಒತ್ತೂದು ಎಳೆಯೂದು. ಮಂದಿ ಒತ್ತೂದಕ್ಕ ಜೋರ ಹಾಕತಾರ, ಕೆಲಸ ಮಾಡೂದು ಎಳೆಯೂದು. ಸಿಕ್ಕೊಂಡದ್ದು ಹಿಂದ ಮುಂದ ಅಲುಗಾಡಿದ್ರ ಒಡದು ಸಡ್ಲಾಗತೈತಿ. ಗಳಗಳ ಅಂತ ಒಮ್ಮೆಲೇ ನೀರು ಇಳದ ಸಪ್ಪಳ ಬಂದ್ರ ಗೆದ್ರಿ. ಆದ್ರೂ ಫ್ಲಶ್ ಒತ್ತಬ್ಯಾಡ್ರಿ, ಮೊದಲ ಅರ್ಧ ಬಕೀಟ ನೀರು ಹಾಕಿ ನೋಡ್ರಿ.

ಇನ್ನೊಂದ ಮಾತು, ನಾದಿನಿ ಕೂಸಿನ ವೆಟ್ ವೈಪ್ಸ್ ಅದ್ರಾಗ ಹೋಗಿದ್ದೂವೇನ ಕೇಳ್ರಿ, ಸಿಟ್ಟಿಲೇ ಅಲ್ಲ, ನಗಕೋತ. ಅವು ಕಾಗದಗತೆ ಕಾಣ್ತಾವ ಖರೆ, ನೀರಾಗ ಕರಗೂದಿಲ್ಲ. ಪ್ಯಾಡೂ ಹಂಗ, ನೀರು ಕುಡದು ಉಬ್ಬಿ ಬೆಣಿ ಬಡದಂಗ ಕುಂದ್ರತೈತಿ. ಸಂಡಾಸದಾಗ ಮುಚ್ಚಳದ ಡಬ್ಬಿ ಒಂದ ಇಡ್ರಿ, ಬಂದವ್ರು ಪಾಪ ಎಲ್ಲೆ ಒಗೀಬೇಕು?

ಪ್ರಶ್ನಿ: ನಮ್ಮದು ಇಂಡಿಯನ್ ಪ್ಯಾನು, ಬೋರಿನ ನೀರು. ವಾರಕ್ಕೊಮ್ಮೆ ನೀರು ನಿಧಾನ ಆಗ್ತದ. ಮೊಬೈಲಿನ್ಯಾಗ ಅಡಿಗಿ ಸೋಡಾ ಮತ್ತ ವಿನೆಗರ್ ಹಾಕೂ ವಿಡಿಯೋ ನೋಡಿ ಮಾಡ್ದೆ, ನೊರಿ ಭಾಳ ಬಂತು, ನೀರು ಹಂಗೇ ಅದ. ಆಸಿಡ್ ಹಾಕ್ಲೇನ್ರಿ? (ಓದುಗರು, ವಿಜಯಪುರ)

ಉತ್ತರ: ನೊರಿ ನೋಡಾಕ ಚಂದ ತಮ್ಮಾ. ಸೋಡಾಕ್ಕೂ ವಿನೆಗರಿಗೂ ಜಗಳ ಹತ್ತಿ ಗ್ಯಾಸ್ ಬರ್ತೈತಿ, ಜಗಳ ಮುಗದ ಮ್ಯಾಲ ಎರಡರ ಶಕ್ತೀನೂ ಹೋಗಿ ಉಳಿಯೂದು ಉಪ್ಪಿನ ನೀರು. ವಿನೆಗರಿನ್ಯಾಗ ಹುಳಿ ಇರೂದ ನೂರಕ್ಕ 4-5 ಪಾಲು, ಅದೂ ಟ್ರಾಪಿನ್ಯಾಗಿನ ನೀರಿಗೆ ಕೂಡಿ ತೆಳ್ಳಗಾಗತೈತಿ. ಸಣ್ಣಪುಟ್ಟ ಮೆತ್ತನ ಕಸ ಅಲುಗಾಡೀತು, ನಾತ ಕಡಿಮಿ ಆದೀತು, ಅಷ್ಟ. ಆ ಸೋಡಾ ಮಿರ್ಚಿ ಭಜಿಗೆ ಇಟ್ಕೊಳ್ರಿ.

ನಿಮ್ಮದು ರೋಗ ಬ್ಯಾರೆ ಅನಸತೈತಿ. ಬೋರಿನ ಗಡಸ ನೀರಿನ ಸುಣ್ಣ ಪ್ಯಾನಿನ ಡೊಂಕಿನ್ಯಾಗ ಪದರ ಪದರ ಹತ್ತಿ ಹಾದಿ ಸಣ್ಣದಾಗಿ ಬಿಟ್ಟಿರ್ತೈತಿ, ಕೈಯಿಟ್ರ ಖರಖರ ಅಂತೈತಿ. ನಿಮ್ಮೂರಾಗ ಆದಿಲಶಾಹಿಯವರು ಊರಿಗೆ ನೀರು ತರೂ ಕೊಳವಿ ಹಾದ್ಯಾಗ ಅಲ್ಲಲ್ಲಿ ಗಂಜ್ ಅಂತ ಗೋಪುರ ಕಟ್ಟಿಸಿದ್ರು, ನೀರಿನ ಒತ್ತಡಾ ಇಳಿಯಾಕ ಮತ್ತ ಕೆಸರು ತಳಕ್ಕ ಕುಂದ್ರಾಕ, ಇಂದಿಗೂ ಕೆಲವು ನಿಂತಾವು ನೋಡ್ರಿ. ಕೊಳವಿ ಕಟ್ಕೊಳ್ಳೂ ಚಿಂತಿ ಬಾದಶಹಾಗೂ ಬಿಟ್ಟಿಲ್ಲ ಅಂದಂಗಾತು.

ಸುಣ್ಣಕ್ಕ ಹುಳಿನ ಮದ್ದು. ಇಂಡಿ ಲಿಂಬಿಹಣ್ಣ ಹಿಂಡಬ್ಯಾಡ್ರಿ ಮತ್ತ, ಅವು ಉಪ್ಪಿನಕಾಯಿಗೆ ಇರಲಿ. ಕಿರಾಣಿ ಅಂಗಡ್ಯಾಗ ಸಿಟ್ರಿಕ್ ಆಸಿಡ್, ಲಿಂಬೂ ಫೂಲ್ ಅಂದ್ರ ಕೊಡ್ತಾರ, 100 ಗ್ರಾಂ ತಗೊಂಡು ಒಂದ ಲೀಟರ್ ಬಿಸಿನೀರಾಗ ಕರಗಸ್ರಿ. ರಾತ್ರಿ ಎಲ್ಲಾರೂ ಮಲಗೂಮುಂದ ಪ್ಯಾನಿನ್ಯಾಗಿನ ನೀರು ಆದಷ್ಟು ತಗದು ಇದನ್ನ ಹೊಯ್ದು ಬಿಡ್ರಿ, ಮುಂಜಾನೆ ಉದ್ದ ಬ್ರಷಲೇ ತಿಕ್ಕಿ ನೀರು ಹಾಕ್ರಿ. ಒಂದ ಸಲಕ್ಕ ಹೋಗೂದಿಲ್ಲ, ವರ್ಷಗಟ್ಟಲೆ ಹತ್ತಿದ್ದಲ್ರಿ, ನಾಕೈದ ಸಲ ಬೇಕಾದೀತು.

ಸ್ಟ್ರಾಂಗ್ ಆಸಿಡ್ ಬ್ಯಾಡ. ಹಾಕಲೇಬೇಕಂತ ಮನಸಿದ್ರೂ ಅದಕ್ಕಿಂತ ಮೊದಲ ಬ್ಲೀಚಿಂಗ್ ಪೌಡರ್ ಹಾಕಿದ್ರ ಆ ಕಡೆ ಕಾಲ ಇಡಬ್ಯಾಡ್ರಿ. ಅವೆರಡೂ ಕೂಡಿದ್ರ ಕ್ಲೋರಿನ್ ಗ್ಯಾಸ್ ಏಳತೈತಿ, ನಮ್ಮ ಸಂಡಾಸ ಅಂದ್ರ ನಾಕ ಫೂಟ ಜಾಗ, ಸಣ್ಣ ಕಿಡಕಿ, ಎದಿ ಹಿಡದು ಬಿಡತೈತಿ. ಟಾಯ್ಲೆಟ್ ತೊಳೆಯೂ ಬಾಟ್ಲಿಯೊಳಗೂ ಬಹಳಷ್ಟ ಸಲ ಆಸಿಡ್ಡೇ ಇರ್ತೈತಿ, ಅದನ್ನೂ ಬ್ಲೀಚಿಂಗಿನ ಜೋಡಿ ಕೂಡಸಬ್ಯಾಡ್ರಿ. ಮತ್ತ ಆಸಿಡ್ ಹಾಕಿಯೂ ನೀರು ಇಳೀಲಿಲ್ಲಂದ್ರ ಪ್ಲಂಬರ್ ಬಂದಾಗ ಮೊದಲ ಅದನ್ನ ಹೇಳ್ರಿ, ಅಂವ ಕೈ ಹಾಕಾಂವ.

ಪ್ರಶ್ನಿ: ಬಚ್ಚಲದಾಗ ನೀರು ಬಿಟ್ರ ಸಂಡಾಸದಾಗ ಗುಳುಗುಳು ಅಂತೈತಿ, ಒಮ್ಮೊಮ್ಮೆ ನೀರು ಮ್ಯಾಲೂ ಬರ್ತೈತಿ. ನೀವು ಹೇಳೂ ಸಾಬೂನ ಬಿಸಿನೀರು ಎಲ್ಲಾ ಮಾಡಿ ಬ್ಯಾಸರಾಗೈತಿ. (ಓದುಗರು, ನವನಗರ, ಬಾಗಲಕೋಟೆ)

ಉತ್ತರ: ಬಿಟ್ಟುಬಿಡ್ರಿ ಅಕ್ಕಾರ, ಅದು ಸಂಡಾಸದ ತಪ್ಪಲ್ಲ. ಎರಡೂ ಕಡೆ ಒಮ್ಮೆಲೇ ತ್ರಾಸ ಅಂದ್ರ ಎರಡರ ನೀರು ಕೂಡೂ ಕಡೆ, ಇಲ್ಲಾ ಅದಕ್ಕಿಂತ ಮುಂದ ಕಟ್ಟೈತಿ. ಮನಿ ಹೊರಗಿನ ಚೇಂಬರಿನ ಮುಚ್ಚಳಾ ತಗಸಿ ನೋಡ್ರಿ. ಚೇಂಬರ್ ಒಣಗಿದ್ರ ಮನಿಗೂ ಚೇಂಬರಿಗೂ ನಡುವ ಕಟ್ಟೈತಿ, ಚೇಂಬರಿನ ಕಡೆಯಿಂದ ಬಿದಿರಿನ ಉದ್ದ ಸೀಳು ಹಾಕಿ ಆಡಿಸಿದ್ರ ಬರ್ತೈತಿ. ಚೇಂಬರ್ ತುಂಬಿ ನಿಂತಿದ್ರ ರಸ್ತೆ ಕಡೆ ಕಟ್ಟೈತಿ, ಒಳಚರಂಡಿ ನೋಡ್ಕೊಳ್ಳೂ ಆಫೀಸಿಗೆ ದೂರು ಕೊಡ್ರಿ, ದೂರಿನ ನಂಬರ್ ಕೇಳಿ ಬರ್ಕೊಳ್ರಿ, ಜೋರ ನೀರು ಹೊಡದು ಪೈಪು ಬಿಡಸೂ ಜೆಟ್ಟಿಂಗ್ ಗಾಡಿ ಅವರ ಹಂತೇಕ ಇರ್ತೈತಿ. ಗುಳುಗುಳು ಅಷ್ಟ ಆಗಿ ನೀರು ಸರಳ ಹೋಗ್ತಿದ್ರ ಮಾಳಗಿ ಮ್ಯಾಲ ಹೋಗೂ ಗಾಳಿ ಪೈಪಿನ ಬಾಯಿ ನೋಡ್ರಿ, ಗುಬ್ಬಿ ಗೂಡ ಕಟ್ಟಿರ್ತಾವ.

ಸೆಪ್ಟಿಕ್ ಟ್ಯಾಂಕ್ ಇದ್ದವ್ರು ಎರಡ ಮೂರ ವರ್ಷಕ್ಕೊಮ್ಮೆ ಸಕ್ಕಿಂಗ್ ಗಾಡಿ ಕರಸ್ರಿ. ಟ್ಯಾಂಕಿನ ಮುಚ್ಚಳದ ಹಂತೇಕ ಬೀಡಿ ಕಡ್ಡಿ ಕೊರೀಬ್ಯಾಡ್ರಿ, ಮತ್ತ ಎರಡ ನೂರ ರೂಪಾಯಿ ಜಾಸ್ತಿ ಕೊಡತೇನಿ ಅಂತ ಯಾರನ್ನೂ ಒಳಗ ಇಳಸಬ್ಯಾಡ್ರಿ. ಒಳಗಿನ ಗ್ಯಾಸಿಗೆ ಮನಶಾ ಒಂದ ಉಸರಿಗೆ ಬೀಳ್ತಾನ, ಎತ್ತಾಕ ಹೋದಾಂವನೂ ಬೀಳ್ತಾನ. 2013ರ ಕಾಯ್ದೆ ಪ್ರಕಾರ ಇಳಿಸಿದವ್ರಿಗೆ ಜೇಲೂ ಐತಿ, ಕಾಯ್ದೆ ಇರದಿದ್ರೂ ಇಳಸಬಾರದು.

ಪ್ರಶ್ನಿ: ನಾಕ ವರ್ಷದ ಮೊಮ್ಮಗ ಕಮೋಡಿನ್ಯಾಗ ಸ್ಟೀಲ್ ಚಮಚ ಹಾಕ್ಯಾನ. ಮಾಪ್ ಹಾಕಿ ಒತ್ತಲೇನು? (ಓದುಗರು, ಗೋಕಾಕ)

ಉತ್ತರ: ಒತ್ತಿದ್ರ ಡೊಂಕಿನ್ಯಾಗ ಅಡ್ಡ ಕುಂದ್ರತೈತಿ, ಆಮ್ಯಾಲ ಕಮೋಡ್ ಎಬ್ಬಿಸಿ ತಗೀಬೇಕಾಗತೈತಿ. ನೀರು ಪೂರಾ ತಗದು, ಟಾರ್ಚ್ ಹಾಕಿ ನೋಡಿ, ಕಂಡ್ರ ಮೊಣಕೈಮಟ ಕ್ಯಾರಿಬ್ಯಾಗ್ ಕಟ್ಕೊಂಡು ಕೈಲೇ ತಗೀರಿ. ಕೈಗೆ ಸಿಗಲಿಲ್ಲಂದ್ರ ಅಂಗಿ ಹಾಕೂ ತಂತಿ ಹ್ಯಾಂಗರ್ ನೆಟ್ಟಗ ಮಾಡಿ, ತುದಿ ಕೊಕ್ಕಿಗತೆ ಬಗ್ಗಿಸಿ ಬಟ್ಟಿ ಚೂರು ಸುತ್ತಿ ಎಳೀರಿ, ಬರೇ ತಂತಿ ಹಾಕಿದ್ರ ಕಮೋಡಿಗೆ ಕರೀ ಗೆರಿ ಬೀಳತಾವ. ತಗದ ಚಮಚ ತೊಳದು ಮತ್ತ ಅಡಿಗಿ ಮನಿಗೆ ಒಯ್ಯಬ್ಯಾಡ್ರಿ, ಒಬ್ಬಾಕಿ ಅಕ್ಕಾರು ಹೋದ ತಿಂಗಳ ಅದನ್ನೂ ಕೇಳಿದ್ರು.