ಶಿವಮೊಗ್ಗದಲ್ಲಿ ಚೆನ್ನಾಗಿದ್ದ ಗುಂಗುರು ಕೂದಲು ರಾಯಚೂರಿಗೆ ಬಂದ ಮೇಲೆ ನಾರಾಗಿದೆ, ಸ್ಟ್ರೇಟನಿಂಗ್ ಮಾಡಿಸಲಾ?

ಬೇಡ, ಮಾಡಿಸಬೇಡಿ. ತಂಗಿ ಅಂದುಕೊಂಡು ಹೇಳುತ್ತಿದ್ದೇನೆ.

ಓದೋಕೆ ಅಂತ ಬಂದು ನಾಲ್ಕು ತಿಂಗಳಾಯ್ತು, ಹಾಸ್ಟೆಲ್‌ನಲ್ಲಿ ತಲೆಸ್ನಾನ ಮಾಡಿದ ದಿನವೇ ಕೂದಲು ತೆಂಗಿನ ನಾರಿನ ಹಾಗೆ ಆಗುತ್ತದೆ ಅಂತ ಬರೆದಿದ್ದೀರಿ. ನಾನು ಮಾನ್ವಿಯವಳು. ಹುಟ್ಟಿದಾಗಿನಿಂದ ಇದೇ ನೀರು, ಇದೇ ಗುಂಗುರು ಕೂದಲು.

ಮೊದಲು ನೀರು ನೋಡಿ. ಬಕೆಟ್ ಒಳಗೆ ಬಿಳಿ ಪದರು ಕಟ್ಟಿದೆಯಾ? ಸೋಪು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲವಾ? ಹಾಗಿದ್ದರೆ ಅದು ಬೋರಿನ ಗಡಸು ನೀರು. ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆಯುತ್ತದೆ ಅಂತ ಸರ್ಕಾರದ ಲೆಕ್ಕ. ನಮ್ಮ ಮನೆಯ ಬೋರಿನ ನೀರು ಟೆಸ್ಟ್ ಮಾಡಿಸಿದಾಗ 600 ದಾಟಿತ್ತು. ಆ ಉಪ್ಪೆಲ್ಲ ಕೂದಲ ಮೇಲೆ ಕೂತು ಒರಟಾಗುತ್ತದೆ. ನೇರ ಕೂದಲಿನವರು ಹೇಗೋ ತಡೆದುಕೊಳ್ಳುತ್ತಾರೆ. ನಮ್ಮ ಕೂದಲಲ್ಲಿ ನೆತ್ತಿಯ ಎಣ್ಣೆ ಅಷ್ಟೊಂದು ಸುರುಳಿ ದಾಟಿ ತುದಿಗೆ ಇಳಿಯುವುದೇ ಕಷ್ಟ. ಮೊದಲೇ ಒಣಗಿದ್ದಕ್ಕೆ ಈ ನೀರು ಬೇರೆ.

ನಿಮ್ಮೂರಿನ ತುಂಗೆಯೇ ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಹೊಸಪೇಟೆ ಡ್ಯಾಮಿಗೆ ಬಂದು, ಎಡದಂಡೆ ಕಾಲುವೆಯಲ್ಲಿ ನಮ್ಮ ಜಿಲ್ಲೆಗೆ ಬರುತ್ತಾಳೆ. ನಳಕ್ಕೆ ಕಾಲುವೆ ನೀರು ಬಿಟ್ಟ ದಿನ ನಮ್ಮ ಮನೆಯಲ್ಲಿ ಎಲ್ಲರೂ ತಲೆಗೆ ಎರೆದುಕೊಳ್ಳುತ್ತೇವೆ. ಅವತ್ತಿನ ಕೂದಲೇ ಬೇರೆ, ಕೈಗೆ ಗೊತ್ತಾಗುತ್ತದೆ.

ಹಾಸ್ಟೆಲ್‌ನಲ್ಲಿ ಅದು ಸಿಗದಿದ್ದರೆ ಆರ್‌ಒ ಫಿಲ್ಟರ್ ನೀರು ತನ್ನಿ. ಪೂರ್ತಿ ಸ್ನಾನಕ್ಕೆ ಬೇಡ, ಕೊನೆಯಲ್ಲಿ ಸುರಿದುಕೊಳ್ಳಲು ಎರಡು ಮೂರು ತಂಬಿಗೆ ಸಾಕು. ಬೋರಿನ ನೀರನ್ನೇ ಕಾಯಿಸಿದರೆ ಆಗಲ್ವಾ ಅಂತ ಕೇಳಬಹುದು. ಸ್ವಲ್ಪ ಗಡಸು ಇಳಿಯುತ್ತದೆ, ಪಾತ್ರೆಯ ತಳದಲ್ಲಿ ಬಿಳಿ ಕೂರುತ್ತದಲ್ಲ, ಅದೇ. ಆದರೆ ಪೂರ್ತಿ ಹೋಗುವುದಿಲ್ಲ. ತಿಂಗಳಿಗೊಮ್ಮೆ ಕೀಲೇಟಿಂಗ್ ಶಾಂಪೂ ಹಾಕಿ. ಗಡಸು ನೀರಿಗೆಂದೇ ಮಾಡಿದ್ದು ಅದು, ಕೂತ ಉಪ್ಪನ್ನು ಎತ್ತುತ್ತದೆ. ಮೈಸೋಪು ಮಾತ್ರ ತಲೆಗೆ ಮುಟ್ಟಿಸಲೇಬೇಡಿ. ಈ ನೀರಲ್ಲಿ ಅದು ಜಿಗುಟಾಗಿ ಕೂದಲಿಗೇ ಅಂಟುತ್ತದೆ.

ನಾನು ಭಾನುವಾರ ಎರೆದುಕೊಳ್ಳುತ್ತೇನೆ. ಎರಡು ಗಂಟೆ ಮುಂಚೆ ಉದ್ದಕ್ಕೂ ಕೊಬ್ಬರಿ ಎಣ್ಣೆ. ಅದು ಕೂದಲ ಒಳಗೆ ಇಳಿಯುವ ಎಣ್ಣೆ, ತೊಳೆಯುವಾಗ ಕೂದಲು ಸವೆಯುವುದನ್ನು ಕಡಿಮೆ ಮಾಡುತ್ತದೆ. ಹೊಟ್ಟು ಇದ್ದರೆ ನೆತ್ತಿಗೆ ಎಣ್ಣೆ ಬೇಡ. ಶಾಂಪೂ ನೆತ್ತಿಗೆ ಮಾತ್ರ. ತುದಿಗೆ ಹರಿದು ಬರುವ ನೊರೆಯೇ ಸಾಕು. ಸೀಗೆಕಾಯಿ ಇಷ್ಟವಾದರೆ ಕುದಿಸಿ ಸೋಸಿದ ನೀರು ಬಳಸಿ. ಪುಡಿಯನ್ನೇ ಹಚ್ಚಿದರೆ ಸುರುಳಿಗಳಲ್ಲಿ ಸಿಕ್ಕಿಕೊಂಡು ಎರಡು ದಿನ ಉದುರುತ್ತಿರುತ್ತದೆ.

ಆಮೇಲೆ ಕಂಡೀಷನರ್, ಧಾರಾಳವಾಗಿ. ಸಿಕ್ಕು ಬಿಡಿಸುವುದು ಆಗಲೇ, ಕೂದಲು ಒದ್ದೆಯಾಗಿ ಜಾರುವಾಗ, ಬೆರಳಿನಿಂದ, ತುದಿಯಿಂದ ಮೇಲಕ್ಕೆ. ಒಣಗಿದ ಮೇಲೆ ಹಣಿಗೆ ಮುಟ್ಟಬೇಡಿ. ನಾನು ಶಾಲೆಗೆ ಹೋಗುವಾಗ ಅವ್ವ ಕಟ್ಟೆ ಮೇಲೆ ಕೂರಿಸಿ, ಒಣ ಕೂದಲಿಗೆ ಸಣ್ಣ ಹಲ್ಲಿನ ಹಣಿಗೆ ಹಾಕಿ ನೆತ್ತಿಯಿಂದ ಕೆಳಗೆ ಎಳೆಯುತ್ತಿದ್ದಳು. "ಯವ್ವಾ, ಸಾಕು ಬಿಡಬೇ" ಅಂತ ನಾನು ಅಳುತ್ತಿದ್ದೆ. ಹಣಿಗೆಯ ಹಲ್ಲು ಮುರಿದು ಕೂದಲಲ್ಲೇ ಉಳಿಯುತ್ತಿತ್ತು. ಅವಳಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನು ಸುರುಳಿ ಹಿಡಿದು ನಿಲ್ಲಿಸುವ ಜೆಲ್. ದುಡ್ಡು ಕೊಟ್ಟು ತರಬೇಕಿಲ್ಲ, ಚಟ್ನಿಪುಡಿ ಮಾಡುವ ಅಗಸಿ ಬೀಜ ಇದೆಯಲ್ಲ, ಅದೇ ಸಾಕು. ಎರಡು ದೊಡ್ಡ ಚಮಚ ಅಗಸಿಗೆ ಒಂದು ಲೋಟ ನೀರು, ಸಣ್ಣ ಉರಿ. ಏಳೆಂಟು ನಿಮಿಷಕ್ಕೆ ನೀರು ಮಂದವಾಗುತ್ತದೆ. ಸೌಟು ಎತ್ತಿದರೆ ಮೊಟ್ಟೆಯ ಬಿಳಿಯ ಹಾಗೆ ಎಳೆ ಎಳೆಯಾಗಿ ಇಳಿಯಬೇಕು. ಆ ಕ್ಷಣಕ್ಕೇ ಇಳಿಸಿ, ಬಿಸಿ ಇರುವಾಗಲೇ ಹಳೇ ಧೋತರದ ತುಂಡಿನಲ್ಲಿ ಸೋಸಿ. ಆರಿದರೆ ಎಷ್ಟು ಹಿಂಡಿದರೂ ಬಟ್ಟೆಯಿಂದ ಕೆಳಗಿಳಿಯುವುದಿಲ್ಲ. ಫ್ರಿಜ್ ಇದ್ದರೆ ವಾರ ಬರುತ್ತದೆ. ಹಾಸ್ಟೆಲ್‌ನಲ್ಲಿ ಇಲ್ಲದಿದ್ದರೆ ಅವತ್ತಿಗೆ ಬೇಕಾದಷ್ಟೇ ಮಾಡಿಕೊಳ್ಳಿ. ಅಡುಗೆಮನೆಯ ಅಕ್ಕನನ್ನು ಕೇಳಿ, ಹತ್ತು ನಿಮಿಷ ಒಲೆ ಕೊಡುತ್ತಾರೆ.

ಜೆಲ್ಲನ್ನು ಬಚ್ಚಲಲ್ಲೇ ಹಚ್ಚಿ, ಕೂದಲಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ. ನಮ್ಮೂರಿನ ಬಿಸಿಲಿಗೆ ರೂಮಿಗೆ ಬರುವಷ್ಟರಲ್ಲಿ ಅರ್ಧ ಒಣಗಿರುತ್ತದೆ, ಆಮೇಲೆ ಹಚ್ಚಿ ಉಪಯೋಗವಿಲ್ಲ. ಅಂಗೈಯಲ್ಲಿ ತುದಿಗಳನ್ನು ಹಿಡಿದು ಮೇಲಕ್ಕೆ ಮೆಲ್ಲಗೆ ಹಿಚುಕಿ. ಟವೆಲ್ಲಿನಿಂದ ತಿಕ್ಕದೆ ಹಳೇ ಬನಿಯನ್ನಲ್ಲಿ ಒತ್ತಿ ಬಿಟ್ಟುಬಿಡಿ. ಪೂರ್ತಿ ಒಣಗುವವರೆಗೆ ಸುಮ್ನೆ ಕೈ ಹಾಕಬೇಡಿ.

ಸ್ಟ್ರೇಟನಿಂಗ್ ಬೇಡ ಅಂದೆನಲ್ಲ, ನಾನು ಮಾಡಿಸಿದ್ದೆ. ಹದಿನೆಂಟರಲ್ಲಿ, ಅಕ್ಕನ ಮದುವೆಗೆ ಅಂತ, ಒಂದು ಪಾರ್ಲರಿನಲ್ಲಿ. ಎರಡು ತಿಂಗಳು ಎಲ್ಲರೂ ಹೊಗಳಿದರು. ಆಮೇಲೆ ಬುಡದಲ್ಲಿ ಗುಂಗುರು, ಕೆಳಗೆ ಪೊರಕೆ ಕಡ್ಡಿ. ಎರಡೂ ಸೇರುವ ಜಾಗದಲ್ಲಿ ಪಟಪಟ ಮುರಿಯುತ್ತಿತ್ತು. ಆ ಔಷಧಿ ಕೂದಲ ಒಳಗಿನ ಕಟ್ಟನ್ನೇ ಒಡೆಯುತ್ತದೆ, ಅಷ್ಟು ಭಾಗಕ್ಕೆ ಸುರುಳಿ ಮತ್ತೆ ಬರುವುದಿಲ್ಲ. ಕೂದಲು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರ್ ಚಿಲ್ಲರೆ. ಕತ್ತರಿಸಿಕೊಂಡು ಹೆರಳು ಹಾಕುವಷ್ಟು ಬೆಳೆಸಲು ನನಗೆ ಎರಡು ವರ್ಷ ದಾಟಿತು. ಆ ಎರಡು ವರ್ಷದ ಫೋಟೊಗಳಲ್ಲಿ ನಾನೆಲ್ಲೂ ಸೆರಗು ತೆಗೆದಿಲ್ಲ.

ಒಂದೇ ಸಲಕ್ಕೆ ಸರಿಹೋಗದಿದ್ದರೆ ಬೇಜಾರಾಗಬೇಡಿ. ಕೂತ ಉಪ್ಪು ಬಿಡಲು ನನಗೂ ಮೂರ್ನಾಲ್ಕು ಭಾನುವಾರ ಬೇಕಾದವು. ಮತ್ತೆ, ಮಳೆ ಬಂದರೆ ವಾರ ನೋಡಬೇಡಿ. ಮಾಳಿಗೆಯ ಧೂಳು ತೊಳೆದುಹೋಗುವವರೆಗೆ ಬಿಟ್ಟು, ಆಮೇಲೆ ಬೀಳುವ ನೀರಿಗೆ ಬಕೆಟ್ ಇಡಿ. ಎರಡು ಬಕೆಟ್ ತುಂಬಿದರೆ ಅವತ್ತೇ ಎರೆದುಕೊಳ್ಳಿ.